ಮುನೇಶ್ವರನ ಕಲ್ಲೂ ಯಹೂದಿಗಳ ಚರಿತ್ರೆಯೂ

ಮುನಿರಾಜುಗೆ ಓದುವ ಚಟವಿರಲಿಲ್ಲ. ಅರವತ್ತು ದಾಟಿದ ಮೇಲೆ ಅದು ಹತ್ತಿದ್ದು ದೇವರ ದೆಸೆಯಿಂದ. ವಿದ್ಯೆ ಕೊಡುವ ದೇವರಲ್ಲ, ಕೋಳಿ ಕೇಳುವ ಮುನೇಶ್ವರ.

ಅತ್ತಿಗುಪ್ಪೆಯಲ್ಲಿ ಅವನ ಅಪ್ಪನಿಗೆ ರಾಗಿ ಹೊಲವಿತ್ತು. ಸರ್ಕಾರ ಅದನ್ನು ತೆಗೆದುಕೊಂಡು ಬಡಾವಣೆ ಮಾಡಿದಾಗ, ಹೊಲದ ಮೂಲೆಯ ಮುನೇಶ್ವರನ ಕಲ್ಲು ಯಾರದೋ ಸೈಟಿನೊಳಗೆ ಸೇರಿಹೋಯಿತು. ಆ ಸೈಟಿನಲ್ಲಿ ಮನೆ ಕಟ್ಟಿದವರು ವೆಂಕಟರಮಣಪ್ಪ, ಈಗ ರಿಟೈರಾದ ಗುಮಾಸ್ತರು. ಅವರು ಕಲ್ಲನ್ನು ಕೀಳಿಸದೆ ಕಾಂಪೌಂಡಿನೊಳಗೇ ಬಿಟ್ಟರು. ವರ್ಷಕ್ಕೊಮ್ಮೆ ಮುನಿರಾಜು ಮನೆಯವರು ಹೋಗಿ, ಕೋಳಿ ಕೊಯ್ದು, ಎಡೆಯಿಟ್ಟು ಬರುವುದು ನಡೆದುಕೊಂಡು ಬಂದಿತ್ತು. ಅತ್ತಿಗುಪ್ಪೆ, ಚಂದ್ರಾ ಲೇಔಟಿನ ಕಡೆ ಇದೇನೂ ಹೊಸದಲ್ಲ. ಹೊಲ ಹೋದರೂ ಹೊಲದ ದೇವರು ಯಾರದೋ ಕಾರಿನ ಪಕ್ಕ ಕೂತೇ ಇರುತ್ತಾನೆ.

ಈ ವರ್ಷ ವೆಂಕಟರಮಣಪ್ಪನವರು ಹಳೇ ಮನೆ ಕೆಡವಿ ಮೂರಂತಸ್ತು ಎಬ್ಬಿಸಲು ಹೊರಟರು. ಪ್ಲ್ಯಾನಿನ ಪ್ರಕಾರ ಒಂದು ಪಿಲ್ಲರು ಸರಿಯಾಗಿ ಮುನೇಶ್ವರನ ತಲೆಯ ಮೇಲೇ ಬರುತ್ತಿತ್ತು.

"ಕಲ್ಲು ತಗೊಂಡ್ ಹೋಗಿ ನಿಮ್ಮ ಊರ ದೇವಸ್ಥಾನದಲ್ಲಿ ಇಟ್ಕೊಳಿ ಮುನಿರಾಜು," ಎಂದರು.

"ದೇವ್ರೇನು ಬಸ್ ಸ್ಟಾಪಾ ಸಾರ್, ಶಿಫ್ಟ್ ಮಾಡಕ್ಕೆ?" ಎಂದು ಮುನಿರಾಜು ಎದ್ದುಬಂದ. ಬಾಯಿಯೇನೋ ಜೋರಿತ್ತು. ಆ ಕಲ್ಲಿನ ಮುಂದೆ ಕೂತಾಗ ಮಾತ್ರ ಅವನಿಗೆ ಇದು ನಮ್ಮ ನೆಲ ಎನಿಸುತ್ತಿತ್ತು. ಅದೂ ಹೋದರೆ ತಾನು ಈ ಊರಿನವನೇ ಎನ್ನಲು ಏನು ಉಳಿಯುತ್ತದೆ ಎಂಬುದೇ ಅವನ ಭಯ.

ತಾತನ ಗೋಳಾಟ ಕೇಳಲಾರದೆ ಮೊಮ್ಮಗಳು ರಮ್ಯ ಲೈಬ್ರರಿಯಿಂದ ಒಂದು ಪುಸ್ತಕ ತಂದುಕೊಟ್ಟಳು. ಯಹೂದಿಗಳ ಚರಿತ್ರೆ, ಅವರೂ ಅರಬರೂ ನಮ್ಮದು ನಮ್ಮದು ಎನ್ನುವ ನೆಲದ ಚರಿತ್ರೆ, ಎಲ್ಲ ತಿಳಿಗನ್ನಡದಲ್ಲಿ. "ನೆಲ ಕಳ್ಕೊಂಡೋನು ನೀನೊಬ್ನೇ ಅಲ್ಲ ತಾತ. ಓದು," ಎಂದಳು.

ಮೊದಲರ್ಧ ಮುನಿರಾಜುಗೆ ಹಬ್ಬವಾಯಿತು. ರೋಮಿನವರು ಗುಡಿ ಕೆಡವಿದರಂತೆ, ಜನ ದಿಕ್ಕಾಪಾಲಾದರಂತೆ. ಆದರೂ ಹಬ್ಬದ ದಿನ "ಮುಂದಿನ ವರ್ಷ ಜೆರುಸಲೇಮಿನಲ್ಲಿ" ಎನ್ನುವುದನ್ನು ಬಿಡಲಿಲ್ಲವಂತೆ. ಮದುವೆ ಮನೆಯಲ್ಲೂ ಆ ಗುಡಿಯನ್ನು ನೆನೆದು ಗಾಜಿನ ಲೋಟ ಒಡೆಯುತ್ತಾರಂತೆ. "ಎರಡು ಸಾವ್ರ ವರ್ಷ ಮರೀಲಿಲ್ಲ ಕಣೇ. ನಮ್ಮ ಹೊಲ ಹೋಗಿ ಇನ್ನೂ ಐವತ್ತಾಗಿಲ್ಲ," ಎಂದು ಮೀಸೆ ತಿರುವಿದ. ಇದನ್ನು ವೆಂಕಟರಮಣಪ್ಪನವರಿಗೂ ಓದಿಸಿದರೆ ಮನಸ್ಸು ಕರಗೀತು ಎಂದುಕೊಂಡ. ಹಿಟ್ಲರನ ಶಿಬಿರಗಳ ಪುಟಗಳು ಬಂದವು. ಆ ರಾತ್ರಿ ಮುದ್ದೆ ತಟ್ಟೆಯಲ್ಲೇ ಉಳಿಯಿತು.

"ಅಂಥದ್ದೇನು ಮಾಡಿದ್ರಮ್ಮ ಅವ್ರು?"

"ಏನೂ ಮಾಡಿರ್ಲಿಲ್ಲ ತಾತ."

ಉಳಿದರ್ಧ ಓದುತ್ತಿದ್ದಂತೆ ಮೀಸೆ ಇಳಿಯಿತು. ಬದುಕುಳಿದವರಿಗೆ ಒಂದು ದೇಶವಾಯಿತು. ಆ ಹೊತ್ತಿಗೇ ಅಲ್ಲಿದ್ದ ಲಕ್ಷಾಂತರ ಅರಬರ ಮನೆಮಠ ಹೋಯಿತು. ಹೋದವರು ಬಿಟ್ಟ ಮನೆಯ ಬೀಗದ ಕೈ ಜೋಪಾನ ಮಾಡಿ ಮಕ್ಕಳಿಗೆ ಕೊಟ್ಟರು. ಮಕ್ಕಳು ಇವತ್ತಿಗೂ ಆಚೆಯೇ ಇದ್ದಾರೆ. ಅತ್ತ ಅರಬ್ ದೇಶಗಳಲ್ಲಿದ್ದ ಯಹೂದಿಗಳೂ ಗಂಟುಮೂಟೆ ಕಟ್ಟಿದರು. ಮುನಿರಾಜುಗೆ ಬರೆದವನ ಮೇಲೇ ಸಿಟ್ಟು ಬಂತು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರೆದಿದ್ದಾನೆ, ಯಾರ ಕಡೆ ಅಂತ ಒಂದು ಮಾತು ಹೇಳಬಾರದೇ?

ಸಿಟ್ಟಿಗಿಂತ ದಿಗಿಲು ದೊಡ್ಡದು. ಬೀಗದ ಕೈ ಇಟ್ಟುಕೊಂಡವರು ಇನ್ನೂ ಆಚೆಯೇ ಇದ್ದಾರೆ ಎಂಬುದು ವೆಂಕಟರಮಣಪ್ಪನವರಿಗೆ ತಿಳಿದು, ಇವನೂ ಹಾಗೇ ಆಚೆಯಿರಲಿ ಎಂದುಬಿಟ್ಟರೆ ಮುನೇಶ್ವರನ ಗತಿಯೇನು? ಉಳಿದರ್ಧದ ಪುಟಗಳಿಗೆ ಸ್ಟೇಪ್ಲರಿನಿಂದ ಪಟಪಟನೆ ಪಿನ್ ಹೊಡೆದ.

"ಲೈಬ್ರರಿ ಪುಸ್ತಕ ತಾತ ಅದು," ಎಂದು ರಮ್ಯ ತಲೆ ಚಚ್ಚಿಕೊಂಡಳು.

"ಮುನೇಶ್ವರ ನೋಡ್ಕೊತಾನೆ ಬಿಡು," ಎಂದು ಒಯ್ದು ವೆಂಕಟರಮಣಪ್ಪನವರ ಕೈಗೆ ಕೊಟ್ಟೇಬಿಟ್ಟ.

ವಾರ ಕಳೆದ ಮೇಲೆ ವೆಂಕಟರಮಣಪ್ಪನವರೇ ಕರೆಸಿದರು. ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು.

"ಓದ್ದೆ. ಪಿನ್ ಹೊಡೆದಿದ್ರಲ್ಲ, ಅದನ್ನೂ ತೆಗ್ದು ಓದ್ದೆ. ಸರ್ವೀಸೆಲ್ಲ ಫೈಲಿನ ಪಿನ್ ಕಿತ್ತೋನು ನಾನು."

ಮುನಿರಾಜು ಮುನೇಶ್ವರನ ಕಡೆ ನೋಡಿದ. ಅಲ್ಲಿಂದ ಏನೂ ಸಹಾಯ ಬರಲಿಲ್ಲ.

"ಮೊದಲ್ನೇ ಅರ್ಧ ನಿಮ್ಮ ಕಥೆ ಅನ್ಕೊಂಡಿದ್ರಿ ಅಲ್ವಾ? ಅದು ನಂದು," ಎಂದರು. "ಅವ್ರನ್ನ ಕೊಂದ್ರು, ನಮ್ಮನ್ನ ಯಾರೂ ಕೊಲ್ಲಲಿಲ್ಲ. ಅದಕ್ಕೂ ಇದಕ್ಕೂ ಹೋಲಿಸ್ಬಾರ್ದು. ಆದ್ರೆ ಗಂಟು ಕಟ್ಕೊಂಡು ಹೊರಡಿ ಅನ್ನಿಸ್ಕೊಳೋದು ನಂಗೊತ್ತು. ರಾಜಾಜಿನಗರದ ಬಾಡಿಗೆ ಮನೇಲಿ ಅನ್ನಿಸ್ಕೊಂಡೆ, ಕೆಂಗೇರೀಲಿ ಅನ್ನಿಸ್ಕೊಂಡೆ. ಕೊನೇ ಸಲ ಎಲ್ಲಿ ಗೊತ್ತಾ? ಅತ್ತಿಗುಪ್ಪೆ, ನಿಮ್ಮಪ್ಪನ ವಠಾರದಲ್ಲಿ."

ಮುನಿರಾಜು ಲೋಟ ಕೆಳಗಿಟ್ಟ.

"ಮಗು ರಾತ್ರಿಯೆಲ್ಲ ಅಳ್ತದೆ, ಖಾಲಿ ಮಾಡಿ ಅಂದ್ರು. ಸ್ಪೇನಿನ ರಾಜನಾದ್ರೂ ಯಹೂದಿಗಳಿಗೆ ನಾಕು ತಿಂಗಳು ಟೈಮ್ ಕೊಟ್ಟ. ನಿಮ್ಮಪ್ಪ ಕೊಟ್ಟಿದ್ದು ಒಂದು ವಾರ. ಆಮೇಲೆ ನಂಗೆ ಈ ಸೈಟ್ ಅಲಾಟ್ ಆಯ್ತು. ಯಾರ ಹೊಲ ಅಂತ ವಿಚಾರಿಸ್ದೆ, ನಿಮ್ಮಪ್ಪನ ಹೆಸ್ರು ಹೇಳಿದ್ರು. ಆವತ್ತು ಆಫೀಸಿಗೆಲ್ಲ ಮೈಸೂರ್ ಪಾಕ್ ಹಂಚಿದೆ."

ಮುನಿರಾಜುಗೆ ರೇಗಿತು. ರೇಗಿದ ಬೆನ್ನಿಗೇ ನಗುವೂ ಬಂತು, ನಗು ಬಂತಲ್ಲ ಎಂದು ಇನ್ನಷ್ಟು ರೇಗಿತು.

"ಮತ್ತೆ ಕಲ್ಲು ಯಾಕ್ ಕೀಳಿಸ್ಲಿಲ್ಲ ಸಾರ್?"

"ಮೊದಲ್ನೇ ವರ್ಷ ನಿಮ್ಮಪ್ಪ ಕೋಳಿ ಹಿಡ್ಕೊಂಡು ಗೇಟಿನಾಚೆ ನಿಂತು, ಒಳಕ್ ಬರ್ಬೋದಾ ಸಾಮಿ ಅಂತ ಕೇಳಿದ್ರು. ಆ ಖುಷಿಗೇ ಬಿಟ್ಟೆ." ವೆಂಕಟರಮಣಪ್ಪನವರು ಪುಸ್ತಕವನ್ನು ಅವನ ಕಡೆ ಸರಿಸಿದರು. "ನೀವು ಪಿನ್ ಹೊಡೆದಿದ್ದ ಪುಟ ಓದುವಾಗ ಗೇಟಿನಾಚೆ ನಿಂತ ನಿಮ್ಮಪ್ಪನ ಮುಖ ನೆನಪಾಯ್ತು. ಈ ಸಲ ಖುಷಿಯಾಗ್ಲಿಲ್ಲ ಮುನಿರಾಜು. ಎಂಜಿನಿಯರ್‌ಗೆ ಹೇಳಿದೀನಿ, ಪಿಲ್ಲರ್ ಆ ಕಡೆ ಹೋಗ್ತದೆ."

"ಒಂದೇ ವಾರ ಟೈಮ್ ಕೊಟ್ಟಿದ್ದು ನಮ್ಮಪ್ಪಂದು ತಪ್ಪು ಸಾರ್," ಎಂದ ಮುನಿರಾಜು. ಸತ್ತ ಅಪ್ಪನನ್ನು ಅವನು ಅದುವರೆಗೆ ಯಾರ ಮುಂದೆಯೂ ಬಿಟ್ಟುಕೊಟ್ಟವನಲ್ಲ.

ಎದ್ದು ನಿಂತ. ಕಲ್ಲು ಅಲ್ಲೇ ಕಾಣುತ್ತಿತ್ತು, ಆದರೂ ಮೆಟ್ಟಿಲಲ್ಲೇ ತಡೆದು ನಿಂತ. "ಹತ್ರ ಹೋಗಿ ಕೈ ಮುಗ್ದು ಬರ್ಲಾ?"

ವೆಂಕಟರಮಣಪ್ಪನವರು ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. "ನಡೀರಿ, ನಾನೂ ಬರ್ತೀನಿ. ಈ ವರ್ಷದ ಕೋಳಿ ನಾನೇ ತರ್ತೀನಿ. ನಿಮ್ಮಪ್ಪನ ಥರಾನೇ ನೀವೂ ಪ್ರತಿ ಸಲ ಬಡಕಲು ಕೋಳೀನೇ ತರ್ತೀರ."