ಅರವತ್ನಾಲ್ಕನೇ ಬಾಟಲಿ

ಕೂದಲನ್ನೆಲ್ಲ ಟೋಪಿಯೊಳಗೆ ತುರುಕಿ, ಎಡಗೈಗೆ ಗವಸು ಹಾಕಿಯಾಗಿತ್ತು. ಬಲಗೈಯದನ್ನು ಮಣಿಕಟ್ಟಿನತನಕ ಎಳೆದುಕೊಳ್ಳುತ್ತಿದ್ದಾಗ ಗಾಜಿನಾಚೆಯಿಂದ ಯಾರೋ ಟಕಟಕ ಬಡಿದರು. ಸೂಪರ್‌ವೈಸರ್ ತಲೆ ಎತ್ತಿದಳು. ಲೇಬಲಕ್ಕ. ಇಪ್ಪತ್ತು ವರ್ಷ ಔಷಧಿ ಡಬ್ಬಿಗಳಿಗೆ ಲೇಬಲ್ ಅಂಟಿಸಿದ್ದಕ್ಕೆ ಕಂಪನಿಯಲ್ಲಿ ಅವಳಿಗೆ ಅಂಟಿದ ಹೆಸರು. ಬಾಯಿ ಆಡುತ್ತಿತ್ತು, ದನಿ ಗಾಜು ದಾಟಲಿಲ್ಲ.

ಬಾಗಿಲು ಸರಿಸಿದಾಗ ಕೇಳಿಸಿತು. "ಮೇಡಂ, ಹದ್ದುಗಣ್ಣಕ್ಕ ಹೋಗ್ಬಿಟ್ರಂತೆ. ಇವತ್ತು ಬೆಳಿಗ್ಗೆ. ಎದೆ ಹಿಡ್ಕೊಂಡಿದೆ ಅಂದ್ರಂತೆ, ಮಗಳು ನೀರು ತರೋಷ್ಟರಲ್ಲಿ ಮುಗಿದಿತ್ತಂತೆ."

ಸೂಪರ್‌ವೈಸರ್ ಗವಸನ್ನು ಪೂರ್ತಿ ಎಳೆದುಕೊಂಡಳು. ಬೆರಳುಗಳ ಸಂದಿಯನ್ನು ಒಂದೊಂದಾಗಿ ಒತ್ತಿ ಸರಿಮಾಡಿದಳು. ಆಮೇಲೆ ಎರಡನ್ನೂ ಕಳಚಿ ಬುಟ್ಟಿಗೆ ಹಾಕಿದಳು.

"ಎಷ್ಟೊತ್ತಿಗೆ ತಗೊಂಡು ಹೋಗ್ತಾರೆ?"

"ಮೂರು ಗಂಟೆಗಂತೆ. ನಮಗೆ ಹೋಗಿಬರೋಕೆ ಕಂಪನಿ ವ್ಯಾನ್ ಕೊಡ್ತಾರಂತೆ. ಇದ್ದಾಗ ಸ್ಟೂಲ್ ಕಿತ್ಕೊಂಡ್ರು, ಸತ್ತಾಗ ವ್ಯಾನ್ ಕೊಟ್ರು. ಎಂಥ ದೊಡ್ಡ ಮನಸ್ಸು!"

*

ಮನೆ ಎರಡನೇ ಮಹಡಿಯಲ್ಲಿತ್ತು. ಮುಂದಿನ ಕೋಣೆಯ ಮೇಜು ಕುರ್ಚಿಗಳನ್ನು ಹೊರಗೆ ಸಾಗಿಸಿ ಜಾಗ ಮಾಡಿದ್ದರು. ನಡುವೆ ಬಿಳಿ ಹೊದಿಕೆಯಡಿ ಹದ್ದುಗಣ್ಣಕ್ಕ ಮಲಗಿದ್ದರು. ಮುಖದ ಮೇಲೆ ಕಪ್ಪು ಚೌಕಟ್ಟಿನ ಕನ್ನಡಕ.

ಸೂಪರ್‌ವೈಸರ್ ಹೊಸ್ತಿಲಲ್ಲೇ ನಿಂತಳು. ಒಂದೇ ವಿಭಾಗದಲ್ಲಿ ಹದಿನಾರು ವರ್ಷ. ಆ ಮೂಗಿನ ಮೇಲೆ ಕನ್ನಡಕ ಕಂಡಿರಲಿಲ್ಲ.

"ಇವರಿಗೆ ಯಾವಾಗ ಬಂತು ಇದು?" ಉದ್ದಜಡೆಯವಳು ಪಿಸುಗುಟ್ಟಿದಳು. ಹದ್ದುಗಣ್ಣಕ್ಕನ ಪಕ್ಕದ ಸ್ಟೂಲಿನಲ್ಲಿ ಕೂತು ಕೆಲಸ ಕಲಿತವಳು ಅವಳು.

"ಮ್ಯಾನೇಜರ್ ಅಂಗಿ ಮೇಲೆ ಉದ್ದ ಕೂದಲು ಕಂಡುಹಿಡಿದಿದ್ದು ನೆನಪಿದೆಯೇನೇ?" ಎಂದಳು ಲೇಬಲಕ್ಕ. "ಆ ತುದಿಯಿಂದ ಈ ತುದಿಗೆ ಕೂಗಿದ್ರಲ್ಲ, 'ಸಾರ್, ಮನೆಗೆ ಹೋಗೋ ಮುಂಚೆ ಭುಜ ಕೊಡವ್ಕೊಳ್ಳಿ' ಅಂತ!"

ನಗು ಬಂದೇಬಿಟ್ಟಿತು. ಎಲ್ಲರೂ ಸೆರಗು ಬಾಯಿಗೊತ್ತಿಕೊಂಡರು. ಹೊರಗಿನವರಿಗೆ ಅದು ಅಳುವಂತೆ ಕಂಡಿರಬೇಕು. ಸ್ವಲ್ಪ ಹೊತ್ತಿಗೆ ಅಳುವೇ ಆಯಿತು.

*

ಎಂಟು ತಿಂಗಳ ಹಿಂದೆ ಕಂಪನಿ ಇಂಜೆಕ್ಷನ್ ಬಾಟಲಿಗಳನ್ನು ಪರೀಕ್ಷಿಸುವ ಯಂತ್ರ ತರಿಸಿತು. ಅಲ್ಲಿಯವರೆಗೆ ಆ ಕೆಲಸ ನಲವತ್ತು ಹೆಂಗಸರದು. ಒಂದೊಂದು ಬಾಟಲಿಯನ್ನೂ ದೀಪದ ಕೆಳಗೆ ಮೆಲ್ಲಗೆ ತಿರುಗಿಸಿ, ಬಿಳಿ ಹಲಗೆಯೆದುರು ಐದು ಎಣಿಸುವಷ್ಟು ಹೊತ್ತು, ಕಪ್ಪು ಹಲಗೆಯೆದುರು ಐದು ಎಣಿಸುವಷ್ಟು ಹೊತ್ತು ನೋಡಬೇಕು. ನೂಲೆಳೆ, ಗಾಜಿನ ಚೂರು, ಚುಕ್ಕೆ, ಏನಿದ್ದರೂ ಬೇರೆ ಇಡಬೇಕು. ಇನ್ನು ಹತ್ತು ಜನ ಸಾಕು ಎಂದಿತು ಕಂಪನಿ. ಕಣ್ಣಿನ ಪರೀಕ್ಷೆಯಲ್ಲಿ ಪಾಸಾದವರಲ್ಲಿ ಹಳಬರಿಗೆ ಮೊದಲ ಜಾಗ. ಮಿಕ್ಕವರ ಕೈಗೆ ಪರಿಹಾರ ಕೊಟ್ಟು ಕಳಿಸುವುದು. ಹದ್ದುಗಣ್ಣಕ್ಕ ಎಲ್ಲರಿಗಿಂತ ಹಳಬರು. ಅವರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಪರೀಕ್ಷೆಗೆಂದೇ ನೂರು ಬಾಟಲಿಗಳ ಒಂದು ಪೆಟ್ಟಿಗೆ. ಇಪ್ಪತ್ತರಲ್ಲಿ ಬೇಕೆಂದೇ ಹಾಕಿದ ದೋಷ. ಒಂದು ತಪ್ಪಿದರೂ ಫೇಲು. ಹಳೆಯ ಬಾಟಲಿಯೊಳಗಿನ ನೂಲು ಕೆಲವೊಮ್ಮೆ ರಬ್ಬರ್ ಮುಚ್ಚಳದ ಅಡಿಗೆ ಹೋಗಿ ಅಂಟಿಕೊಂಡು ಮರೆಯಾಗುವುದುಂಟು. ಅದಕ್ಕೇ ಪ್ರತಿ ಸಲವೂ ಸೂಪರ್‌ವೈಸರ್ ಆ ಇಪ್ಪತ್ತನ್ನು ಮೊದಲು ತಾನು ನೋಡಿ, ದೋಷ ಕಾಣುತ್ತಿದೆ ಎಂದು ಕ್ವಾಲಿಟಿಯವರ ಕಾಗದಕ್ಕೆ ಸಹಿ ಹಾಕಬೇಕಿತ್ತು.

ಅವತ್ತು ಮ್ಯಾನೇಜರ್ ಮೂರು ಸಲ ಫೋನ್ ಮಾಡಿದ್ದರು. ಸಂಜೆಯೊಳಗೆ ಪಟ್ಟಿ ಬೇಕು. ಅವಳು ಪೆಟ್ಟಿಗೆ ತೆರೆಯದೆ ಸಹಿ ಹಾಕಿದಳು.

ಅರವತ್ನಾಲ್ಕನೇ ನಂಬರಿನ ಬಾಟಲಿಯ ಹತ್ತಿರ ಹದ್ದುಗಣ್ಣಕ್ಕ ತಡೆದರು. ಎರಡು ಸಲ ತಿರುಗಿಸಿದರು. ಒಳ್ಳೆಯದರ ಸಾಲಿಗೆ ಇಟ್ಟರು. ಬೇರೆಯವರೆಲ್ಲ ಅದನ್ನು ಕೆಟ್ಟದರ ಸಾಲಿಗೆ ಹಾಕಿದ್ದರು. ವರ್ಷಗಳಿಂದ ಅದೇ ಪೆಟ್ಟಿಗೆ, ಅದೇ ನಂಬರು. ಕ್ಯಾಂಟೀನಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು, ಅರವತ್ನಾಲ್ಕು ಅಂದರೆ ನೂಲು. ನಂಬರ್ ಕೇಳಿಕೊಂಡು ಹೋಗಿ ಅಕ್ಕಾ ಎಂದು ಲೇಬಲಕ್ಕ ಅವತ್ತು ಬೆಳಿಗ್ಗೆಯೂ ಹೇಳಿದ್ದಳು. "ಕಣ್ಣಲ್ಲಿ ನೋಡೋ ಕೆಲಸಕ್ಕೆ ಕಿವಿ ಯಾಕೆ ಕೊಡ್ಲೇ?" ಎಂದು ನಕ್ಕಿದ್ದರು ಹದ್ದುಗಣ್ಣಕ್ಕ.

ಫಲಿತಾಂಶ ಕೇಳಿ ಅವರು ಜಗಳವಾಡಲಿಲ್ಲ. "ಮೇಡಂ, ಇದೆಯಾ ಅದರಲ್ಲಿ? ನೀವು ನೋಡಿದ್ರಾ?" ಎಂದರು.

"ನೋಡೇ ಸಹಿ ಹಾಕಿರೋದು."

"ಹಾಗಾದ್ರೆ ಇದೆ ಬಿಡಿ," ಎಂದು ಕಣ್ಣುಜ್ಜಿಕೊಂಡರು.

*

ಮಗಳು ಬಂದು ಸೂಪರ್‌ವೈಸರ್ ಪಕ್ಕದಲ್ಲಿ ಕೂತಳು. ಅತ್ತು ಅತ್ತು ಮುಖ ಊದಿತ್ತು.

"ನೀವೇ ಅಲ್ವಾ ಮೇಡಂ? ಅಮ್ಮ ಹೇಳ್ತಿದ್ಳು ನಿಮ್ಮ ವಿಷಯ."

"ಏನು ಹೇಳ್ತಿದ್ರು?"

"ಒಂದು ಕಾಗದಕ್ಕೂ ನೋಡದೆ ಸಹಿ ಹಾಕೋರಲ್ಲ ಅಂತ."

ಸೂಪರ್‌ವೈಸರ್ ಕಣ್ಣನ್ನು ಆ ಕನ್ನಡಕದತ್ತ ಹೊರಳಿಸಿದಳು. ಮಗಳಿಗೆ ಮಾತಾಡಬೇಕಿತ್ತು.

"ಕೆಲಸ ಬಿಟ್ಟು ಬಂದಮೇಲೆ ಸೂಜಿಗೆ ದಾರ ಪೋಣಿಸ್ತಿರ್ಲಿಲ್ಲ. ಕಾಳು ಆರಿಸ್ತಿರ್ಲಿಲ್ಲ, 'ನೀನೇ ನೋಡೇ, ನನ್ನ ಕಣ್ಣು ನಂಬಬೇಡ' ಅನ್ನೋಳು. ರಸ್ತೆ ದಾಟೋಕೆ ನನ್ನ ಕೈ ಬೇಕು. ಕನ್ನಡಕದ ಅಂಗಡಿಗೆ ಕರ್ಕೊಂಡು ಹೋದೆ. ಅವನು ಅರ್ಧ ಗಂಟೆ ನೋಡಿ, 'ಅಮ್ಮಾ, ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ' ಅಂದ. ಇವಳು ಒಪ್ಪಬೇಕಲ್ಲ! ಕಂಪನಿ ಪರೀಕ್ಷೆ ಸುಳ್ಳು ಹೇಳುತ್ತಾ ಅಂತ ಅವನ ಮೇಲೇ ರೇಗಿದ್ಳು. ಕೊನೆಗೆ ಬರೀ ಗಾಜು ಹಾಕಿ ಕೊಟ್ಟ. ಅದನ್ನೇ ಹಾಕ್ಕೊಂಡು ಓಡಾಡಿದ್ಳು."

"ಪರಿಹಾರದ ದುಡ್ಡು ಬಂತಲ್ಲಮ್ಮ?" ಲೇಬಲಕ್ಕ ಕೇಳಿದಳು.

"ಮುಟ್ಟಲಿಲ್ಲ ಅಕ್ಕಾ. ಕಣ್ಣು ಪೂರ್ತಿ ಹೋದಮೇಲೆ ಬೇಕಾಗುತ್ತೆ ಅಂತ ಬ್ಯಾಂಕಲ್ಲೇ ಇಟ್ಟಿದ್ಳು."

ಕೆಳಗೆ ಗಾಡಿ ಬಂದು ನಿಂತ ಸದ್ದಾಯಿತು. ಇಬ್ಬರು ಸ್ಟ್ರೆಚರ್ ಹಿಡಿದು ಮೇಲೆ ಬಂದರು. "ಮೈಮೇಲೆ ಲೋಹದ್ದೇನಿದ್ರೂ ತೆಗೆದುಬಿಡಿ. ಕನ್ನಡಕಾನೂ," ಎಂದ ಒಬ್ಬ.

ಮಗಳು ಮುಂದೆ ಬಂದವಳು ಅಲ್ಲೇ ನಿಂತಳು. ಸೂಪರ್‌ವೈಸರ್ ಬಗ್ಗಿ, ಕಿವಿಗಳ ಹಿಂದಿನಿಂದ ಕನ್ನಡಕವನ್ನು ಮೆಲ್ಲಗೆ ಬಿಡಿಸಿಕೊಂಡಳು. ಮೂಗಿನ ಎರಡೂ ಬದಿಗೆ ಸಣ್ಣ ಕುಳಿ ಬಿದ್ದಿತ್ತು. ಗಾಜನ್ನು ಎತ್ತಿ ಹಿಡಿದಳು. ಅದರೊಳಗಿಂದ ಕಿಟಕಿ, ಗೋಡೆ, ಮಗಳ ಮುಖ ಎಲ್ಲವೂ ಇದ್ದ ಹಾಗೇ ಕಂಡವು.

*

ಪಟ್ಟಿ ಹೋದ ಮೂರನೇ ದಿನ ಅವಳು ಒಬ್ಬಳೇ ಆ ಪೆಟ್ಟಿಗೆ ತೆರೆದಿದ್ದಳು. ಅರವತ್ನಾಲ್ಕನ್ನು ಬಿಳಿಯೆದುರು ಹಿಡಿದಳು, ಕಪ್ಪೆದುರು ಹಿಡಿದಳು. ಮತ್ತೆ ಬಿಳಿಯೆದುರು. ಸ್ವಚ್ಛ ನೀರು. ತಲೆಕೆಳಗು ಮಾಡಿ ತಟ್ಟಿದಾಗ ರಬ್ಬರಿನಡಿ ಅಂಟಿದ್ದ ನೂಲೆಳೆಯ ಒಂದು ತುದಿ ಬಿಟ್ಟುಕೊಂಡು ಆಡಿತು, ಮತ್ತೆ ಅಂಟಿಕೊಂಡಿತು.

ನೋಡದೆ ಸಹಿ ಹಾಕಿದವರಿಗೆ ಕಂಪನಿಯಲ್ಲಿ ಪರಿಹಾರವೂ ಇಲ್ಲ, ನೇರ ಗೇಟು. ಗಂಡನಿಗೆ ಕೆಲಸವಿಲ್ಲದೆ ವರ್ಷವಾಗಿತ್ತು. ನಾಳೆ ಹೇಳೋಣ ಅಂದುಕೊಂಡಳು. ನಾಳೆಗೆ ಎಂಟು ತಿಂಗಳಾಯಿತು.

*

ಚಿತಾಗಾರದಿಂದ ವ್ಯಾನ್ ಹೊರಟಿತು. ಉದ್ದಜಡೆಯವಳು ಬಂದು ಸೂಪರ್‌ವೈಸರ್ ಪಕ್ಕದ ಸೀಟಿನಲ್ಲಿ ಕೂತಳು.

"ಮೇಡಂ, ಅವರು ಫೇಲಾದಮೇಲೆ ಆ ಹತ್ತನೇ ಜಾಗ ನನಗೆ ಬಂತಲ್ಲ." ದನಿ ತಗ್ಗಿಸಿದಳು. "ಅರವತ್ನಾಲ್ಕರಲ್ಲಿ ನಂಗೂ ಏನೂ ಕಾಣಿಸಲಿಲ್ಲ. ನಂಬರ್ ಗೊತ್ತಿತ್ತು ಅಂತ ಹಾಕ್ಬಿಟ್ಟೆ. ನನ್ನ ಕಣ್ಣೂ ಅವರ ಹಾಗೇ ಮಂದ ಆಗಿದೆಯೇನೋ. ದಿನಾ ಹೆದರಿಕೊಂಡೇ ಕೂರ್ತೀನಿ. ಯಾರಿಗೂ ಹೇಳ್ಬೇಡಿ."

ಸೂಪರ್‌ವೈಸರ್ ಅವಳ ಮುಖವನ್ನು ನೋಡಿದಳು. ನಲವತ್ತು ದಾಟದ, ಹೊಳೆಯುವ ಕಣ್ಣು.

"ನಿನ್ನ ಕಣ್ಣಿಗೇನೂ ಆಗಿಲ್ಲ," ಎಂದಳು.

"ನಿಮಗೆ ಹೇಗೆ ಗೊತ್ತು?"

ವ್ಯಾನ್ ಕಂಪನಿಯ ರಸ್ತೆಗೆ ತಿರುಗಿತು.

"ಹಿಂದಿನ ಗೇಟ್ ಹತ್ರ ಸ್ವಲ್ಪ ನಿಲ್ಲಿಸಪ್ಪ," ಎಂದಳು ಸೂಪರ್‌ವೈಸರ್.

"ಅಲ್ಲಿ ಕ್ವಾಲಿಟಿಯವರ ಆಫೀಸು ಬಿಟ್ರೆ ಏನಿದೆ ಮೇಡಂ?" ಡ್ರೈವರ್ ಕನ್ನಡಿಯಲ್ಲಿ ನೋಡಿದ. "ನಿಮ್ಮ ಶಿಫ್ಟ್ ಮುಗೀತಲ್ಲ, ಮನೆ ಹತ್ರಾನೇ ಬಿಡ್ತೀನಿ."

"ಒಂಚೂರು ಕೆಲಸ ಇದೆ."

ಇಳಿದಳು. ಲೇಬಲಕ್ಕ ಕಿಟಕಿಯಿಂದ ಏನೋ ಕೂಗಿದಳು. ವ್ಯಾನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಅದು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿಯನ್ನು ತೆಗೆದಳು. ಅದರ ಪಟ್ಟಿಯನ್ನು ಚೀಟಿಯ ಸುತ್ತ ಒಂದೊಂದೇ ಸುತ್ತು ಸುತ್ತುತ್ತಾ, ತನ್ನ ಫೋಟೋ ಪೂರ್ತಿ ಮುಚ್ಚಿದ ಮೇಲೆ, ಗೇಟಿನತ್ತ ನಡೆದಳು.