ಯಜಮಾನರ ತೊಡೆಯ ಮೇಲಿನ ಸುತ್ತಿಗೆ

ಬಚ್ಚಲುಮನೆಯ ನೆಲ ಜಾರುತ್ತದೆ, ಹೊಸ ಟೈಲ್ಸ್ ಹಾಕಿಸಿ ಎಂದು ಮಗಳು ಗಂಟುಬಿದ್ದಿದ್ದಳು. ಯಜಮಾನರು ಒಪ್ಪಿದರು. ಆದರೆ ನೆಲದಲ್ಲಿದ್ದ ಹಳೆಯ ನೀಲಿ ಟೈಲ್ಸನ್ನು ಆರಿಸಿದ್ದು ಮೂರು ತಿಂಗಳ ಹಿಂದೆ ತೀರಿಕೊಂಡ ಅವರ ಹೆಂಡತಿ. ಹೊಸದರ ಅಡಿಯಲ್ಲಾದರೂ ಅವು ಉಳಿಯಲಿ ಎಂದು, ಒಂದನ್ನೂ ಒಡೆಯಕೂಡದೆಂದು ಕಟ್ಟಪ್ಪಣೆ ಮಾಡಿದರು.

ಮೇಸ್ತ್ರಿ ಕರಣೆಯ ಹಿಡಿಯಿಂದ ಒಂದೊಂದನ್ನೇ ತಟ್ಟುತ್ತ ಬಂದ. ನಲ್ಲಿಯ ಕೆಳಗಿನದು ಟೊಳ್ಳು ಸದ್ದು ಮಾಡಿತು.

"ಅಜ್ಜಾ, ಇದು ಹಿಡಿತ ಬಿಟ್ಟಿದೆ. ಇದರ ಮೇಲೆ ಹಾಕಿದ್ರೆ ಹೊಸದೂ ಏಳುತ್ತೆ. ಒಡೀಲೇಬೇಕು."

"ನನ್ನ ಪ್ರಾಣ ತಿನ್ನಬೇಡ ಮಾರಾಯ! ಒಡೀದೆ ತೆಗಿ."

ಅವನು ತೆಳು ಕಬ್ಬಿಣದ ಪಟ್ಟಿಯನ್ನು ಸಂದಿಗೆ ತೂರಿಸಿ ಕೆರೆದೂ ಕೆರೆದೂ, ಅರ್ಧ ದಿನದ ಮೇಲೆ ಅದನ್ನು ಇಡಿಯಾಗಿ ಎಬ್ಬಿಸಿದ.

ಸಂಜೆ ಬಂದ ಮಗಳು ರೇಗಿದಳು. "ಒಂದು ಟೈಲಿಗೆ ಅರ್ಧ ದಿನವಾ? ಸುತ್ತಿಗೇಲಿ ಒಂದೇ ಏಟಿನ ಕೆಲಸ. ಅರ್ಧ ಕೂಲಿ ಹಿಡ್ಕೊಳ್ಳಿ ಅಪ್ಪಾ."

"ಏನ್ ಮಾಡ್ಲಿ ಅಕ್ಕಾ?" ಎಂದ ಮೇಸ್ತ್ರಿ. "ಸುತ್ತಿಗೆ ಬೆಳಗ್ಗಿಂದ ನಿಮ್ಮಪ್ಪನ ತೊಡೆ ಮೇಲೇ ಇದೆ."

ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದ ಯಜಮಾನರಿಗೆ ತಲೆ ಚಿಟ್ಟುಹಿಡಿಯಿತು.

"ಸಾಕು ಮಾಡಮ್ಮಾ! ಹಠ ನನ್ನದು. ಅದಕ್ಕೆ ಅವನ ಹೊಟ್ಟೆ ಮೇಲೆ ಹೊಡೆದ್ರೆ ದೇವರು ಮೆಚ್ತಾನಾ?"

ಪೂರ್ತಿ ಕೂಲಿಯನ್ನು ಮೇಸ್ತ್ರಿಯ ಕೈಗಿಟ್ಟರು. ಇಡಿಯಾಗಿ ಉಳಿದ ನೀಲಿ ಟೈಲನ್ನು ಎತ್ತಿಕೊಂಡ ಮೇಲೆಯೇ ಸುತ್ತಿಗೆಯನ್ನೂ ಹಿಂದಿರುಗಿಸಿದರು.