ಕಂಠಪ್ಪನ ಹೋಟೆಲಿನ ಇಂದಿನ ವಿಶೇಷ

ಬಿಳಿಕೆರೆಯ ಬಸ್ ಸ್ಟಾಪಿನ ಎದುರಿಗಿರುವ ಕಂಠಪ್ಪನ ಹೋಟೆಲಿನಲ್ಲಿ ವಿಶೇಷ ಅನ್ನುವಂಥದ್ದು ಏನೂ ಇಲ್ಲ. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ, ಹತ್ತು ಗಂಟೆಯ ಮೇಲೆ ಉದ್ದಿನವಡೆ, ಸಂಜೆಗೆ ಬೋಂಡ. ಇಪ್ಪತ್ತೆರಡು ವರ್ಷದಿಂದ ಇದೇ. ಆದರೆ ಹೋಟೆಲು ಶುರುವಾದಾಗ ಬೋರ್ಡು ಬರೆಯಲು ಹುಣಸೂರಿನಿಂದ ಬಂದ ಪೇಂಟರು ಕಾಫಿ ಕುಡಿದು ಖುಷಿಯಾಗಿ, ಒಂದು ಕರಿಹಲಗೆಯ ನೆತ್ತಿಯ ಮೇಲೆ ಕೆಂಪು ಬಣ್ಣದಲ್ಲಿ 'ಇಂದಿನ ವಿಶೇಷ' ಎಂದು ಪುಕ್ಕಟೆ ಬರೆದುಕೊಟ್ಟು ಹೋಗಿದ್ದ. ಅದರ ಕೆಳಗೆ ಏನು ಬರೆಯುವುದು? ಮೂರು ದಿನ 'ಇಡ್ಲಿ' ಎಂದು ಬರೆದ ಕಂಠಪ್ಪನಿಗೆ ನಾಲ್ಕನೆಯ ದಿನ ನಾಚಿಕೆಯಾಯಿತು. ದಿನಾ ಇರುವುದು ವಿಶೇಷ ಹೇಗಾದೀತು?

ಆಗ ನೆನಪಿಗೆ ಬಂದದ್ದು ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕೊಂಡು ಅಟ್ಟಕ್ಕೆಸೆದಿದ್ದ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ. ಯಾವ ತಾರೀಕಿನಲ್ಲಿ ಲೋಕದಲ್ಲಿ ಏನು ನಡೆಯಿತು ಅನ್ನುವುದೆಲ್ಲ ಅದರಲ್ಲಿತ್ತು. ಅದನ್ನೇ ನೋಡಿ ಬರೆಯತೊಡಗಿದ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಕಂಠಪ್ಪನ ಜಾಯಮಾನದಲ್ಲೇ ಇಲ್ಲ. ಅಕ್ಟೋಬರ್ ಹನ್ನೆರಡಕ್ಕೆ ಅವನ ಹಲಗೆ ಹೀಗೆ ಹೇಳುತ್ತಿತ್ತು: '1492. ಇಂಡಿಯಾಕ್ಕೆ ಅಂತ ಹೊರಟವರೊಬ್ಬರು ಅಮೆರಿಕದ ಹತ್ತಿರ ಇಳಿದರು. ದಾರಿ ಕೇಳಲು ನಾಚಿಕೆ ಪಟ್ಟರೆ ಹೀಗೇ. ಬಿಳಿಕೆರೆಯಲ್ಲಿ ಇಳಿಯುವವರು ಕಂಡಕ್ಟರಿಗೆ ಮೊದಲೇ ಹೇಳಿ.' ಜುಲೈ ಹದಿನಾಲ್ಕಕ್ಕೆ: '1789. ಫ್ರಾನ್ಸಿನಲ್ಲಿ ಊರಿಗೂರೇ ಸೇರಿ ಜೈಲಿಗೆ ನುಗ್ಗಿದರು. ಒಳಗಿದ್ದವರು ಏಳೇ ಮಂದಿ. ಹೆಣ್ಣು ನೋಡಲು ಎರಡು ವ್ಯಾನು ಮಾಡಿಕೊಂಡು ಹೋಗುವವರು ನಾವು ಮಾತ್ರ ಅಂದುಕೊಳ್ಳಬೇಡಿ.'

ಮೈಸೂರು ಹುಣಸೂರು ನಡುವೆ ಓಡಾಡುವ ಬಸ್ಸಿನ ಕಂಡಕ್ಟರ್ ಕಾಂತರಾಜು, ಬೆಳಗಿನ ಟ್ರಿಪ್ಪಿನಲ್ಲಿ ಫುಟ್‌ಬೋರ್ಡಿನ ಮೇಲೆ ನಿಂತು ಇದನ್ನು ಬಸ್ಸಿಗೆಲ್ಲ ಕೇಳುವಂತೆ ಓದುತ್ತಿದ್ದ. ಡ್ರೈವರು ಅರ್ಧ ನಿಮಿಷ ಹೆಚ್ಚಿಗೆ ನಿಲ್ಲಿಸುತ್ತಿದ್ದ. ಕಂಠಪ್ಪನಿಗೆ ಅದು ಹೆಮ್ಮೆಯೇ. ಆದರೆ ಅವನ ನಿಜವಾದ ಪರೀಕ್ಷೆ ಅದಕ್ಕೂ ಮುಂಚೆ ಮುಗಿದಿರುತ್ತಿತ್ತು. ಅವನ ಹೆಂಡತಿ ವೀರಮ್ಮ ಇಡ್ಲಿ ಪಾತ್ರೆಯ ಮುಂದಿನಿಂದ ಎದ್ದು, ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ಓದಬೇಕು. ಅವಳದ್ದು ಸದ್ದಿಲ್ಲದ ನಗು. ಹೊಟ್ಟೆ ಕುಲುಕಿದರೆ ಪಾಸು. ಕುಲುಕದಿದ್ದರೆ ಕಂಠಪ್ಪ ಒದ್ದೆ ಬಟ್ಟೆಯಿಂದ ಒರೆಸಿ ಬೇರೆ ಬರೆಯುತ್ತಿದ್ದ. ಅವಳು ನಗದ ಚರಿತ್ರೆ ಬಿಳಿಕೆರೆಯ ಮಟ್ಟಿಗೆ ನಡೆದೇ ಇಲ್ಲ.

ಎಡವಟ್ಟಾದದ್ದು ಈ ವರ್ಷದ ಜೂನ್ ಒಂದರಂದು. ಆ ದಿನಕ್ಕೆ ಕಂಠಪ್ಪ ಪುಸ್ತಕ ನೋಡಲಿಲ್ಲ, ಸ್ವಂತ ಸರಕನ್ನೇ ಇಳಿಸಿದ: 'ಈ ದಿನ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ತಾಲ್ಲೂಕಿನ ಅರ್ಧ ಜನ ಹುಟ್ಟಿದರು. ಎಲ್ಲರಿಗೂ ಸೂಲಗಿತ್ತಿ ಒಬ್ಬರೇ. ಹೆಡ್‌ಮಾಸ್ಟ್ರು.'

ವಿವರಿಸಬೇಕಾದ ಮಾತೇ ಅಲ್ಲ ಇದು. ಹಿಂದೆ ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆರು ವರ್ಷವಾಯಿತು ಎಂದು ಲೆಕ್ಕ. ಹುಟ್ಟಿದ ತಾರೀಕು ಕೇಳಿದರೆ ಅಪ್ಪಂದಿರು ತಲೆ ಕೆರೆಯುತ್ತಿದ್ದರು. ಮೇಷ್ಟ್ರು ಸ್ಕೂಲು ಶುರುವಾಗುವ ಜೂನ್ ಒಂದನ್ನೇ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಆವತ್ತು ವೀರಮ್ಮ ಬಾಗಿಲಿಗೆ ಬರುವ ಮೊದಲೇ ಬಸ್ಸು ಬಂತು, ಅದರಲ್ಲಿದ್ದವರೆಲ್ಲ ತಂತಮ್ಮ ಆಧಾರ್ ಕಾರ್ಡು ನೆನೆಸಿಕೊಂಡು ನಕ್ಕರು.

ವೀರಮ್ಮ ನಗಲಿಲ್ಲ. ಎರಡು ಸಲ ಓದಿದಳು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಕಂಠಪ್ಪ ಹಿಂದೆಯೇ ಹೋಗಿ, ಚೆನ್ನಾಗಿಲ್ಲವೇ ಎಂದು ಕೇಳಿದ.

"ನಮ್ಮವ್ವ ಎರಡು ದಿನ ನೋವು ತಿಂದು ನನ್ನ ಹೆತ್ತವ್ಳೆ. ಹೆಡ್‌ಮಾಸ್ಟ್ರಲ್ಲ," ಅಂದಳು ವೀರಮ್ಮ. ಆಮೇಲೆ ಹಿಟ್ಟಿನ ಕಡೆ ನೋಡುತ್ತಾ ಅಂದಳು: "ಲೋಕದಲ್ಲಿ ಯಾವನು ಯಾವತ್ತು ಬೆಟ್ಟ ಅತ್ತಿದ, ಯಾವನು ಯಾವತ್ತು ಅಡಗು ಅತ್ತಿದ, ಎಲ್ಲಾ ಗೊತ್ತು ನಿಮ್ಗೆ. ನಾನು ಯಾವತ್ತು ಉಟ್ಟಿದೆ ಅಂತ ಒಂದಿನಾನಾದ್ರೂ ಕೇಳಿದ್ದೀರಾ?"

ಮದುವೆಯಾಗಿ ಮೂವತ್ತಾರು ವರ್ಷ. ಕಂಠಪ್ಪ ಕೇಳಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಜೂನ್ ಒಂದು ಅಂತಿತ್ತು, ಅಷ್ಟರಲ್ಲೇ ಅವನ ಕುತೂಹಲ ಮುಗಿದಿತ್ತು. ಮಾತು ಮುಳ್ಳಿನ ಹಾಗೆ ನೆಟ್ಟಿತು. ಮಾರನೆಯ ದಿನದಿಂದ ವೀರಮ್ಮ ಬಾಗಿಲಿಗೆ ಬರುವುದನ್ನು ನಿಲ್ಲಿಸಿದಳು. ಜಗಳವಿಲ್ಲ, ಮುನಿಸಿನ ಮುಖವಿಲ್ಲ. ಊಟ ಬಡಿಸುತ್ತಿದ್ದಳು, ಮಾತಾಡುತ್ತಿದ್ದಳು. ಹಲಗೆಯ ಕಡೆ ಮಾತ್ರ ತಲೆ ಎತ್ತುತ್ತಿರಲಿಲ್ಲ. ಇಡೀ ಬಸ್ಸು ನಕ್ಕರೂ ಕಂಠಪ್ಪನಿಗೆ ಅದು ಉಪ್ಪಿಲ್ಲದ ಚಿತ್ರಾನ್ನವೇ ಆಯಿತು. ಒಂದು ತಿಂಗಳು ಹೀಗೇ ತಳ್ಳಿದ ಮೇಲೆ, ಹುಣಸೂರಿನಿಂದ ಉದ್ದಿನಬೇಳೆ ತರುತ್ತೇನೆಂದು ಸುಳ್ಳು ಹೇಳಿ ಬೆಟ್ಟದಪುರದ ಬಸ್ಸು ಹತ್ತಿದ.

ಬೆಟ್ಟದಪುರ ವೀರಮ್ಮನ ತವರು. ಅವಳ ಅವ್ವ ಅಪ್ಪ ಇಬ್ಬರೂ ಹೋಗಿ ಎಷ್ಟೋ ಕಾಲವಾಗಿತ್ತು. ಆ ಕಾಲದವರು ಅಂತ ಉಳಿದವರು ಅದೇ ಊರಿಗೆ ಕೊಟ್ಟಿದ್ದ ಅವಳ ಸೋದರತ್ತೆ ಮಲ್ಲಾಜಮ್ಮ ಒಬ್ಬರೇ. ವಯಸ್ಸು ಎಂಬತ್ತರ ಹತ್ತಿರ, ಆಧಾರ್ ಕಾರ್ಡಿನಲ್ಲಿ ಅವರದ್ದೂ ಜೂನ್ ಒಂದೇ. ಕಂಠಪ್ಪ ಹೋದಾಗ ಜಗಲಿಯ ಮೇಲೆ ಕೂತು ಹಸಿ ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಬಂದ ಕಾರಣ ಹೇಳಿದಾಗ ಕೈ ನಿಲ್ಲಿಸದೆ, ಅಳಿಯಂದಿರಿಗೆ ಈಗ ನೆನಪಾಯಿತೇ ಎಂದು ಒಂದು ಏಟು ಕೊಟ್ಟರು. ಆಮೇಲೆ ಕೈ ನಿಲ್ಲಿಸಿದರು.

"ಮರೆಯೋ ದಿನ್ವಾ ಅದು? ಅಮೆರಿಕದೋರು ಚಂದ್ರನ ಮ್ಯಾಲೆ ಕಾಲಿಟ್ರಲ್ಲ, ಆವತ್ತು ಕಣ್ರೀ ಅಳಿಯಂದ್ರೇ."

ವೀರಮ್ಮನ ಅವ್ವನಿಗೆ ಅದು ಮೂರನೆಯ ಹೆರಿಗೆ, ಹಾಗಾಗಿ ತವರಿಗೆ ಕಳಿಸಿರಲಿಲ್ಲ. ಆಷಾಢದ ಗಾಳಿ. ಬೆಳಿಗ್ಗೆ ಸ್ಕೂಲಿನ ಮೇಷ್ಟ್ರು ರೇಡಿಯೋ ಕೇಳಿ ಬೀದಿಗೆ ಬಂದು, ಮನುಷ್ಯರು ಚಂದ್ರನ ಮೇಲೆ ಇಳಿದರಂತೆ ಎಂದು ಕೂಗಿದರಂತೆ. ಊರವರಿಗೆಲ್ಲ ಬೆರಗು, ಮಲ್ಲಾಜಮ್ಮನ ಅಪ್ಪನಿಗೆ ಮಾತ್ರ ಗಾಬರಿ. ಚಂದ್ರ ಇರುವುದು ಎಲ್ಲಿ? ಶಿವನ ತಲೆಯ ಮೇಲೆ. ಹತ್ತಿದವರು ಕಾಲಿಗೆ ಏನು ಹಾಕಿಕೊಂಡಿದ್ದರು ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು, ಮೊಣಕಾಲಿನವರೆಗೆ ಬೂಟು ಅಂದುಬಿಟ್ಟರು.

ಮುಗಿಯಿತು. ಶಿವನ ತಲೆಯ ಮೇಲೆ ಬೂಟುಗಾಲು! ಇಂಥ ಹೊತ್ತಲ್ಲಿ, ಮನೆಯಲ್ಲಿ ಸೊಸೆ ನೋವು ತಿನ್ನುತ್ತಿರುವಾಗ, ಯಾರ ತಪ್ಪಿಗೆ ಯಾರ ಮೇಲೆ ಸಿಟ್ಟು ಇಳಿಯುತ್ತದೋ? ಅಮೆರಿಕದವರಂತೂ ಬಂದು ಕ್ಷಮೆ ಕೇಳುವವರಲ್ಲ. ಯಜಮಾನರು ತಂಬಿಗೆಯಲ್ಲಿ ಹಾಲು ಹಿಡಿದು, ಬರಿಗಾಲಲ್ಲಿ, ಸಾವಿರಗಟ್ಟಲೆ ಮೆಟ್ಟಿಲು ಹತ್ತಿ ಬೆಟ್ಟದ ಮೇಲಿನ ಮಲ್ಲಿಕಾರ್ಜುನನಿಗೆ ಎರೆದು, ಅಮೆರಿಕದ ಪರವಾಗಿ ಅಡ್ಡಬಿದ್ದು ಬಂದರು. ಕೆಳಗಿಳಿಯುವಷ್ಟರಲ್ಲಿ ವೀರಮ್ಮ ಹುಟ್ಟಿದ್ದಳು.

"ಸೋಮವಾರ," ಅಂದರು ಮಲ್ಲಾಜಮ್ಮ ಒತ್ತಿ. "ನಮ್ಮಪ್ಪ ಸೋಮವಾರ ಪೂಜೆ ಆಗದೆ ನೀರೂ ಮುಟ್ಟೋರಲ್ಲ. ಬೆಟ್ಟ ಇಳಿದು ಬಂದು, ಕೂಸಿನ ಮುಖ ನೋಡಿ, ಆಮೇಲೆ ತಂಬಿಗೇಲಿ ಮಿಕ್ಕಿದ್ದ ಹಾಲು ಕುಡಿದ್ರು."

ಕಂಠಪ್ಪ ತೇಲಿಕೊಂಡೇ ಊರಿಗೆ ಬಂದ, ಬೇಳೆ ತರುವುದನ್ನು ಮರೆತು. ಚಂದ್ರನ ವಿಷಯ ಅವನಿಗೆ ಹೊಸದೇ? ಇಪ್ಪತ್ತೆರಡು ವರ್ಷವೂ ಜುಲೈ ಇಪ್ಪತ್ತರಂದು ತಪ್ಪದೆ ಬರೆಯುತ್ತಿದ್ದ: 'ಚಂದ್ರನ ಮೇಲೆ ಇಳಿದವರು ಅಲ್ಲಿ ಹೋಟೆಲ್ ಇಲ್ಲವೆಂದು ತಿಳಿದು ವಾಪಸು ಹೊರಟರು.' ಆದರೂ ಪುಸ್ತಕ ತೆಗೆದ. 1969, ಜುಲೈ 20. ಹಿಂದಿನ ಪುಟದ ನೂರು ವರ್ಷದ ಪಟ್ಟಿ ನೋಡಿದ. ಆ ವರ್ಷವೂ ಈ ವರ್ಷವೂ ವಾರ ತಾರೀಕು ಎಲ್ಲ ಒಂದೇ, ಅಂದಿನ ಕ್ಯಾಲೆಂಡರನ್ನೇ ಇಂದು ಮೊಳೆಗೆ ಹಾಕಬಹುದು. ಇಪ್ಪತ್ತನೆಯ ತಾರೀಕು ಭಾನುವಾರ.

ಭಾನುವಾರ! ಮಲ್ಲಾಜಮ್ಮ ಹೇಳಿದ್ದು ಸೋಮವಾರ. ಪುಸ್ತಕವನ್ನು ನಂಬುವುದೋ, ಅತ್ತೆಯನ್ನೋ? ಐವತ್ತಾರು ವರ್ಷದ ಹಿಂದಿನ ಮಾತು, ಮುದುಕಿಗೆ ಒಂದು ದಿನ ಆಚೀಚೆ ಆಗಿರಬಹುದು ಅಂದುಕೊಂಡರೆ, ಆ ತಂಬಿಗೆಯ ಹಾಲು ಅಡ್ಡ ಬರುತ್ತಿತ್ತು. ಇಪ್ಪತ್ತು ಅಂತ ಬರೆದು ಅದು ತಪ್ಪಾಗಿದ್ದರೆ ತಾನೂ ಇನ್ನೊಬ್ಬ ಹೆಡ್‌ಮಾಸ್ಟ್ರೇ. ಒಂದು ತಪ್ಪು ತಾರೀಕನ್ನು ಒರೆಸಿ ಇನ್ನೊಂದು ತಪ್ಪು ತಾರೀಕನ್ನು ಹೆಂಡತಿಗೆ ಕೊಡಲು ಕಂಠಪ್ಪನಿಗೆ ಮನಸ್ಸು ಬರಲಿಲ್ಲ. ಹತ್ತು ದಿನ ಒದ್ದಾಡಿದ. ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ.

ಗಂಟು ಬಿಚ್ಚಿದವನು ಕಂಡಕ್ಟರ್ ಕಾಂತರಾಜು. ಒಂದು ಸೋಮವಾರ ಬೆಳಿಗ್ಗೆ ಆಕಳಿಸುತ್ತಾ ಬಂದು ಸ್ಟ್ರಾಂಗ್ ಕಾಫಿ ಕೇಳಿದ. ವೆಸ್ಟ್ ಇಂಡೀಸಿನಲ್ಲಿ ಭಾನುವಾರ ಸಂಜೆ ನಡೆದ ಕ್ರಿಕೆಟ್ ಮ್ಯಾಚು ನೋಡಿ ನಿದ್ದೆ ಕೆಟ್ಟಿದೆ ಅಂದ. ಭಾನುವಾರ ಸಂಜೆ ನೀನು ಇಲ್ಲೇ ಬೋಂಡ ತಿನ್ನುತ್ತಿದ್ದೆಯಲ್ಲ ಎಂದು ಕಂಠಪ್ಪ ತಗಾದೆ ತೆಗೆದ.

"ಅಲ್ಲೀ ಭಾನುವಾರ ಸಂಜೆ ಕಣಣ್ಣ. ಅವ್ರಿಗೆ ಭಾನುವಾರ ಮುಗಿಯೋ ಒತ್ಗೆ ನಮ್ಗೆ ಸೋಮವಾರ ಬೆಳಕರಿದಿರ್ತದೆ."

ಕಂಠಪ್ಪ ಕಾಫಿ ಸುರಿಯುತ್ತಲೇ ಇದ್ದ. ಲೋಟ ತುಂಬಿ, ಟೇಬಲ್ಲಿಗೆ ಹರಿದು, ಕಾಂತರಾಜುವಿನ ಟಿಕೆಟ್ ಮಿಷನ್ನಿನ ಬುಡಕ್ಕೆ ಬಂದಾಗ ಅವನೇ ಕೂಗಿ ನಿಲ್ಲಿಸಿದ. ಕಂಠಪ್ಪ ಒಳಗೆ ಓಡಿ ಪುಸ್ತಕ ಬಿಡಿಸಿದ. ಸಣ್ಣ ಅಕ್ಷರದಲ್ಲಿ ಇತ್ತು: ಅಮೆರಿಕದ ಗಡಿಯಾರದಲ್ಲಿ ಭಾನುವಾರ ರಾತ್ರಿ ಹನ್ನೊಂದಕ್ಕೆ ಇನ್ನೇನು ನಾಲ್ಕು ನಿಮಿಷ. ಬೆರಳು ಮಡಿಸಿ ಎಣಿಸಿದ. ಬೆಟ್ಟದಪುರದಲ್ಲಿ ಆಗ ಸೋಮವಾರ ಬೆಳಿಗ್ಗೆ ಎಂಟೂವರೆ, ಮೇಷ್ಟ್ರು ರೇಡಿಯೋ ಕೇಳುವ ಹೊತ್ತು. ಇಪ್ಪತ್ತೊಂದನೆಯ ತಾರೀಕು. ಅತ್ತೆಯೂ ಸರಿ, ಪುಸ್ತಕವೂ ಸರಿ. ತಪ್ಪು ಒಬ್ಬನದೇ, ಇಪ್ಪತ್ತೆರಡು ವರ್ಷ ಬಿಳಿಕೆರೆಯಲ್ಲಿ ಕೂತು ಅಮೆರಿಕದ ತಾರೀಕು ಬರೆದವನದು. ಇಷ್ಟು ಸಂತೋಷ ಕೊಟ್ಟ ತಪ್ಪು ಅವನ ಜನ್ಮದಲ್ಲೇ ಇನ್ನೊಂದಿರಲಿಲ್ಲ.

ಜುಲೈ ಇಪ್ಪತ್ತರ ಭಾನುವಾರ ಹಲಗೆಯ ಮೇಲೆ ಇದ್ದದ್ದು ಇಷ್ಟೇ: 'ಇಂದು ಏನೂ ನಡೆಯಲಿಲ್ಲ. ನಾಳೆ ಬನ್ನಿ.' ಚಂದ್ರನ ಹೋಟೆಲಿನ ಜೋಕು ಕಾಯುತ್ತಿದ್ದ ಗಿರಾಕಿಗಳು ಕಂಠಪ್ಪನಿಗೆ ಮೈ ಸರಿಯಿಲ್ಲವೇನೋ ಎಂದು ಮಾತಾಡಿಕೊಂಡರು. ಅದು ಕಿವಿಗೆ ಬಿದ್ದು ವೀರಮ್ಮ ಒಳಗಿನಿಂದ ಒಮ್ಮೆ ಇಣುಕಿ ನೋಡಿದಳು, ಹಲಗೆಯನ್ನಲ್ಲ, ಗಂಡನ ಮುಖವನ್ನು.

ಸೋಮವಾರ ಕಂಠಪ್ಪ ಎರಡು ಸಲ ಬರೆದು ಒರೆಸಿದ. ಮೂರನೆಯ ಸಲ ಅಕ್ಷರ ಸಣ್ಣ ಮಾಡಿ ಹಲಗೆ ತುಂಬ ಬರೆದ. ಒಳಗೆ ಹೋಗಿ ಅವಳನ್ನು ಕರೆಯಲು ಧೈರ್ಯ ಸಾಲಲಿಲ್ಲ. ಬಸ್ಸು ಬಂತು. ಕಾಂತರಾಜು ಫುಟ್‌ಬೋರ್ಡಿನಿಂದ ಎಂದಿನಂತೆ ಗಂಟಲು ಸರಿಮಾಡಿಕೊಂಡು ಓದತೊಡಗಿದ.

'1969, ಜುಲೈ 21, ಸೋಮವಾರ ಬೆಳಿಗ್ಗೆ ಎಂಟೂವರೆ. ಅಮೆರಿಕದವರು ಚಂದ್ರನ ಮೇಲೆ ಕಾಲಿಟ್ಟರು. ಬೂಟು ಬಿಚ್ಚಲಿಲ್ಲ. ಅವರ ಪರವಾಗಿ ಬೆಟ್ಟದಪುರದ ಯಜಮಾನರೊಬ್ಬರು ಬರಿಗಾಲಲ್ಲಿ ಬೆಟ್ಟ ಹತ್ತಿ ಶಿವನಿಗೆ ಹಾಲೆರೆದು ಕ್ಷಮೆ ಕೇಳಿದರು. ಶಿವ ಕ್ಷಮಿಸಿದ. ಗುರುತಿಗೆ, ಅವರು ಕೆಳಗಿಳಿಯುವುದರೊಳಗೆ ಅವರ ಮನೆಗೆ ಒಬ್ಬ ಮೊಮ್ಮಗಳನ್ನು ಇಳಿಸಿದ್ದ. ಚಂದ್ರನಿಗೆ ಹೋದವರು ಕಲ್ಲು ತಂದರು. ಬೆಟ್ಟದಪುರಕ್ಕೆ ಹೋದ ನಾನು ವೀರಮ್ಮನನ್ನು ತಂದೆ. ಯಾರ ಪ್ರಯಾಣ ಸಾರ್ಥಕ, ನೀವೇ ಹೇಳಿ. ಇಷ್ಟು ವರ್ಷ 20 ಎಂದು ಬರೆದದ್ದು ತಪ್ಪು, ಅದು ಅಮೆರಿಕದ ಲೆಕ್ಕ.'

ವೀರಮ್ಮನ ಹೆಸರು ಬಂದಾಗ ಕಾಂತರಾಜುವಿನ ದನಿ ತಾನಾಗಿ ತಗ್ಗಿತು. ವೀರಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

ಓದಿದ್ದನ್ನು ಕೇಳಿಸಿಕೊಂಡಿದ್ದರೂ ಮೊದಲಿನಿಂದ ತಾನೇ ಓದಿದಳು. "ಅತ್ತೆ ಏಳಿದ್ರಾ?" ಎಂದು ಕೇಳಿದಳು. ಕಂಠಪ್ಪ ತಲೆಯಾಡಿಸಿದ.

"ಬೇಳೆ ತರೋಕೋಗಿ ಬರಿಗೈಲಿ ಬಂದ್ರಲ್ಲ, ಆವತ್ತಾ?"

"ಊಂ ಕಣೇ."

ಅವಳು ಮತ್ತೆ ಹಲಗೆಗೆ ತಿರುಗಿದಳು. ಬೂಟು ಬಿಚ್ಚದ ಅಮೆರಿಕದವರ ಹತ್ತಿರ ಬರುವಾಗ ಹೊಟ್ಟೆ ಸಣ್ಣಗೆ ಕುಲುಕತೊಡಗಿತು. ಕಲ್ಲಿನ ಹತ್ತಿರ ಬರುವ ಹೊತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ನಗುವಿಗೋ ಅಳುವಿಗೋ ಅವಳಿಗೇ ತಿಳಿದಿರಲಿಕ್ಕಿಲ್ಲ. ಕಂಠಪ್ಪನ ಎದೆ ಐವತ್ತು ದಿನದ ಮೇಲೆ ಹಗುರಾಯಿತು. ಆವತ್ತು ಬಂದವರಿಗೆಲ್ಲ, ಅವರು ಕೇಳದೆಯೇ, ಅವಳು ಒಂದೊಂದು ವಡೆ ಹೆಚ್ಚಿಗೆ ಹಾಕಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಹೋಟೆಲಿನಲ್ಲಿ ತಿನ್ನುವುದಕ್ಕೂ ಏನೋ ವಿಶೇಷವಿತ್ತು.

ಮಾರನೆಯ ಬೆಳಿಗ್ಗೆ ಕಂಠಪ್ಪ ಒದ್ದೆ ಬಟ್ಟೆ ಹಿಡಿದು ಹಲಗೆಯ ಮುಂದೆ ನಿಂತಾಗ ಒಳಗಿನಿಂದ ಮಾತು ಬಂತು: "ಇವತ್ತೊಂದಿನ ಇರ್ಲಿ ಬುಡಿ."

ಬಸ್ಸು ಬಂತು. ಕಾಂತರಾಜು ಓದಲು ಬಾಯಿ ತೆರೆದವನು ನಿಲ್ಲಿಸಿದ. "ಕಂಠಣ್ಣಾ, ನಿನ್ನೇದೇ ಐತಲ್ಲ. ಇವತ್ತು ಇಪ್ಪತ್ತೆರಡು."

ಕಂಠಪ್ಪ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡ.

"ಅಮೆರಿಕದಲ್ಲಿ ಇನ್ನೂ ಇಪ್ಪತ್ತೊಂದೇ ಕಣ್ಲಾ," ಅಂದ.